ಕತ್ತಿನೊಳಗಿನ ತಂತಿ

ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.
ಒಳಗೆಲ್ಲೋ ಕಿಣಿಕಿಣಿ.
'ಎಷ್ಟೋ ವರ್ಷದಿಂದ ಹೀಗೇ,
ಅದರ ಮಾತಿಗೆ ನೀನು ಕಿವಿಗೊಡಬೇಡ' ಅಂದರು
ನಕಾಜ್ವೆ, ಗಣಿ ಆಸ್ಪತ್ರೆಯ ಹೆರಿಗೆ ನರ್ಸಾಗಿದ್ದವರು,
ಲುವಾನ್‌ಶ್ಯಾದ ಅರ್ಧ ಊರಿನ ತಲೆಗಳನ್ನು
ಎಲ್ಲರಿಗಿಂತ ಮೊದಲು ಮುಟ್ಟಿದ ಕೈ.
ನನ್ನ ತಲೆಯನ್ನೂ.

ಈಗ ಭುಜ ಸೋತಿದೆ.
ಚೆಂಡು ಮೊದಲನೆಯ ಗೆದ್ದಲ ಹುತ್ತದ ತನಕವೂ ಹೋಗುವುದಿಲ್ಲ.
'ತಲೆ ಇದೇ ಇರಲಿ, ದಂಡ ಬದಲಿಸು.
ಹಗುರದ್ದು ಹಾಕು, ಒಂಚೂರು ಬಳುಕುವಂಥದ್ದು.
ಸೆಟೆದುಕೊಂಡೇ ಇರುವುದಕ್ಕೆ ನಾನೇನು
ಹೊಸದಾಗಿ ಬಂದ ಶಿಫ್ಟ್ ಬಾಸೇ?'

ಕರೆಂಟಿಲ್ಲ.
ಕರಿಬಾ ಅಣೆಕಟ್ಟಿನಲ್ಲಿ ನೀರು ತಳ ಕಂಡಿದೆಯಂತೆ,
ಹೀಟ್ ಗನ್ನು ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದೆ.
ಹೆಂಡತಿಯ ಇದ್ದಿಲೊಲೆ ಎತ್ತಿಕೊಂಡು ಬಂದೆ,
ಕುದಿಯುತ್ತಿದ್ದ ಗಂಜಿ ಅರ್ಧಕ್ಕೇ ಇಳಿಸಿ,
ಅವಳ ಬಾಯಲ್ಲಿ ನನಗೊಂದು ಹೊಸ ಹೆಸರು ಇಡಿಸಿಕೊಂಡು.

ಅಂಟು ಸಡಿಲುವ ಹೊತ್ತು ಮೂಗಿಗೆ ತಿಳಿಯುತ್ತದೆ:
ಕೊಂಬು ಸುಟ್ಟ ವಾಸನೆ.
ಕತ್ತಿನ ಕಪ್ಪು ಬಳೆ ಮೊದಲು ಮೆತ್ತಗಾಯಿತು.
ದಂಡವನ್ನು ವೈಸಿಗೆ ಕಚ್ಚಿಸಿ
ಒದ್ದೆ ಗೋಣಿಯಲ್ಲಿ ತಲೆ ಹಿಡಿದು ತಿರುವಿದೆ.
ಬರಲಿಲ್ಲ. ಮತ್ತೆ ಕೆಂಡ, ಮತ್ತೆ ತಿರುವು.
ಮೂರನೆಯ ಸಲ, ದವಡೆ ಹಲ್ಲು ಕಿತ್ತಂತೆ,
ಕರಕ್ ಎಂದು ಬಂತು.

ಹಿಂದೆಯೇ ಮೇಜಿನ ಮೇಲೆ ಬಿತ್ತು
ತಾಮ್ರದ ತಂತಿಯ ಸುರುಳಿ, ಉಗುರಿನಷ್ಟು.
ಏಳು ಸುತ್ತು. ಎಂಟನೆಯದನ್ನು ಒಳಗೆ ಮಡಚಿದ ಗಂಟು.

ಆ ಗಂಟು ನನಗೆ ಗೊತ್ತು.
ಅದನ್ನು ಕಲಿಯಲಿಕ್ಕೆ
ಒಂದು ಇಡೀ ಬೇಸಿಗೆ ಬೈಸಿಕೊಂಡಿದ್ದೇನೆ.
ಚಿಪಾಲೊ. ಹಗಲು ನೆಲದಡಿ ಎಲೆಕ್ಟ್ರಿಷಿಯನ್,
ಸಂಜೆ ಕ್ಯಾಡಿಗಳ ಶೆಡ್ಡಿನಲ್ಲಿ ರಿಪೇರಿ.
ನಮ್ಮೂರಲ್ಲಿ ಶಾಫ್ಟ್ ಅಂದರೆ ಎರಡು,
ಕೈಯಲ್ಲಿ ಹಿಡಿಯುವುದು, ಕಾಲಲ್ಲಿ ಇಳಿಯುವುದು.
ಅದರಿಂದ ಇದಕ್ಕೆ
ಊಟದ ಡಬ್ಬಿಯೊಳಗೆ, ಮೀನಿನ ಮುಳ್ಳಿನ ಕೆಳಗೆ,
ದಿನಕ್ಕೊಂದು ಚೋಟು ತಂತಿ ಬರುತ್ತಿತ್ತು.
ಗೇಟಿನ ಕಾವಲುಗಾರನೂ ಗಾಲ್ಫ್ ಆಡುತ್ತಿದ್ದ,
ಆ ಮಾತು ಬೇರೆ.

'ತಲೆ ಎಲ್ಲಿದೆ ಅಂತ ಕೈಗೆ ಗೊತ್ತಾಗಬೇಕು' ಅನ್ನುತ್ತಿದ್ದ.
'ಗೊತ್ತಾಗದಿದ್ದರೆ ಅದು ಗಾಳಿಗೆ ಬೀಸಿದ ಪೊರಕೆ.'
ಅವನಿಳಿದ ಶಾಫ್ಟಿನ ತುಂಬ ಈಗ ನೀರು.
ಅವನು ಸತ್ತದ್ದು ಅಲ್ಲಲ್ಲ, ಮನೆಯಲ್ಲೇ,
ಕೆಮ್ಮಿ ಕೆಮ್ಮಿ.

ಕತ್ತಿನ ಒಳಗನ್ನು ಕೆರೆದು ಹೊಳಪಿಗೆ ತಂದೆ.
ಹೊಸ ದಂಡ ಹೊಸದೇನಲ್ಲ:
ಯಾರೋ ಸಿಟ್ಟಿನಲ್ಲಿ ತಲೆ ಮುರಿದು ಎಸೆದುಹೋದದ್ದು,
ಗ್ರಾಫೈಟು, ಹಳೆಯದರ ಅರ್ಧ ತೂಕ.
ತುದಿ ಉಜ್ಜಿದೆ. ಬುಡದಿಂದ ಎರಡಿಂಚು ಕೊಯ್ದೆ.
ಬೆರಳ ಮೇಲೆ ತೂಗಿದರೆ
ತಲೆ ಸುಳಿವು ಕೊಡುತ್ತಿಲ್ಲ. ಪೊರಕೆ.

ಮೇಜಿನ ಮೇಲಿನ ಸುರುಳಿ ಸುಮ್ಮನೆ ನೋಡುತ್ತಿತ್ತು.

ಉಜ್ಜಿ, ಒರೆಸಿ, ಅಂಟಿನಲ್ಲಿ ಅದ್ದಿ
ಹೊಸ ತುದಿಯೊಳಗೆ ತಳ್ಳಿದೆ.
ಬಿಗಿಯಾಗಿ ಕೂತಿತು, ಒಂದು ಕೂದಲೂ ಕೊರೆಯಲಿಲ್ಲ.
ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು.
ಗೋಡೆಗೆ ಆನಿಸಿ, ಮಕ್ಕಳನ್ನು ಗದರಿಸಿ,
ನಡುರಾತ್ರಿ ನಾನೇ ಎದ್ದು ಹೋಗಿ ಮುಟ್ಟಿ ಬಂದೆ.

ಮಾರನೆಯ ಸಂಜೆ ಅವರು ಬಂದು
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.
ಮೌನ.
ಇನ್ನೊಮ್ಮೆ, ಜೋರಾಗಿ.
'ತೆಗೆದುಬಿಟ್ಟೆಯಾ?'
ಏನನ್ನು, ಅಂತ ನಾನು ಕೇಳಲಿಲ್ಲ.
'ಇದೆ. ಅಲ್ಲಾಡದ ಹಾಗೆ ಕೂರಿಸಿದ್ದೇನೆ.'

ಜಕರಂಡದ ನೇರಳೆ ಉದುರಿದ ನೆಲದಲ್ಲಿ
ಕಾಲು ಊರಿ, ಚೆಂಡಿಲ್ಲದೆ,
ಒಮ್ಮೆ ಬೀಸಿದರು. ಸೊಂಯ್.
ಮೂರು ಹೂವು ಎದ್ದು ಬಿದ್ದವು.
ಮುಖ ನನಗೆ ಕಾಣದ ಹಾಗೆ
ಕೈಚೀಲದಲ್ಲಿ ದುಡ್ಡು ಹುಡುಕತೊಡಗಿದರು.

ಹೊರಟವರು ಬಾಗಿಲಲ್ಲಿ ತಿರುಗಿ
ತುಕ್ಕು ಹಿಡಿದ ಹಳೆಯ ದಂಡವನ್ನೂ ಕೇಳಿದರು.
ಟೊಮ್ಯಾಟೊ ಗಿಡಕ್ಕೆ ಊರುಗೋಲು ಬೇಕಂತೆ.