ಹನ್ನೊಂದು ನಿಮಿಷ

ಆ ವರ್ಷ ದೇಶ ಪಟ್ಟಿಯಲ್ಲಿ ಎರಡು ಮೆಟ್ಟಿಲು ಇಳಿದಿತ್ತಂತೆ.
ಅದಕ್ಕೇ ನನ್ನನ್ನು ಕೋಪನ್‌ಹೇಗನ್‌ನಿಂದ ಕಳಿಸಿದ್ದರು,
ಕೈಗೊಂದು ಗಡಿಯಾರ ಕೊಟ್ಟು,
ಯೂಟ್‌ಲೆಂಡಿನ ಈ ಶೆಡ್ಡಿಗೆ.

ಗಾಳಿಯಂತ್ರದ ರೆಕ್ಕೆ ಮಲಗಿತ್ತು, ಎಂಬತ್ತು ಮೀಟರು.
ಬೋಡಿಲ್ ಸ್ಕೌ ಅದರ ಮೇಲೆ ಬರಿಗೈ ಇಟ್ಟು
ಕಣ್ಣು ಮುಚ್ಚಿ ನಡೆದಳು,
ಕತ್ತಲಲ್ಲಿ ಸ್ವಿಚ್ಚು ತಡಕುವವಳ ಹಾಗೆ.
ಹನ್ನೊಂದು ನಿಮಿಷ.
ನಾನು ಬರೆದೆ: ಉತ್ಪಾದನೆ, ಸೊನ್ನೆ.

'ಇಲ್ಲಿ' ಅಂದಳು.
ನಾನೂ ಮುಟ್ಟಿದೆ. ಏನೂ ಇಲ್ಲ, ತಣ್ಣಗಿನ ನುಣುಪು.
ಸ್ಕ್ಯಾನರಿನ ಹುಡುಗ ನಕ್ಕ, ಅವನ ಪರದೆಯೆಲ್ಲ ಹಸಿರು.
ಕೊರೆದರು.
ಪದರದೊಳಗೆ ಸಾಸಿವೆ ಕಾಳಿನಷ್ಟು ಗಾಳಿ,
ಗಾಳಿ ಹಿಡಿಯಬೇಕಾದ ರೆಕ್ಕೆಯಲ್ಲೇ
ಸಿಕ್ಕಿಬಿದ್ದ ಗಾಳಿ.

ಅವಳು ಕಾಫಿಗೆ ಹೊರಟಳು. ಮಾರ್ಚಿಗೆ ನಿವೃತ್ತಿ.
'ಯಾರಿಗಾದರೂ ಕಲಿಸಿದ್ದೀರಾ?'
'ಅದಕ್ಕೂ ಗಂಟೆ ಬೇಕಲ್ಲ,' ಎಂದು
ನನ್ನ ಗಡಿಯಾರದ ಕಡೆ ಗದ್ದ ಚಾಚಿದಳು.

ರೈಲಿನಲ್ಲಿ ನಮೂನೆ ತೆರೆದೆ.
ಸೊನ್ನೆ ಅಳಿಸಿದೆ. ಬೇರೆ ಕಾಲಮ್ಮೇ ಇಲ್ಲ.
ಅಂಗೈಗೆ ಹೊಕ್ಕ ಗಾಜಿನ ನಾರೊಂದು, ಕಣ್ಣಿಗೆ ಕಾಣದ್ದು,
ಫ್ರೆಡರೀಸಿಯಾ ದಾಟಿದರೂ
ತುರಿಸುತ್ತಲೇ ಇತ್ತು.