ಹಗ್ಗದ ದಫ್ತರ

ನಿಜ್ವಾದ ಆಚೆ, ಬೋಳುಗುಡ್ಡದ ಬುಡಕ್ಕೆ ತಗಡಿನ ಗೋದಾಮು.
ಅದರೊಳಗೆ ನಾನು, ಬೆಳಗಾವಿ ಕಡೆಯ ಸಾತಗೌಡ,
ಹದಿನೇಳು ವರ್ಷ ನಮ್ಮ ಪಲ್ಟಣದಲ್ಲಿ, ಒಂಬತ್ತು ವರ್ಷ ಇವರ ಸ್ಟೋರಿನಲ್ಲಿ.
ನೂರಾ ಹನ್ನೆರಡು ಹಗ್ಗ ನನ್ನ ಲೆಕ್ಕಕ್ಕೆ.
ಒಂದೊಂದಕ್ಕೂ ನಂಬರು, ಹುಟ್ಟಿದ ತಾರೀಖು,
ಎಷ್ಟು ಸಲ ಬಂಡೆಗೆ ಉಜ್ಜಿತು, ಎಷ್ಟು ಮಂದಿಯನ್ನು ಹೊತ್ತಿತು.
ಊರಲ್ಲಿ ನನ್ನ ತಮ್ಮನ ಹುಟ್ಟಿದ ತಾರೀಖು ಇಂದಿಗೂ
‘ದೊಡ್ಡ ಹೊಳೆ ಬಂದ ಮಾರನೇ ವರ್ಷ.’

ಏಪ್ರಿಲಿನಲ್ಲಿ ನನ್ನನ್ನು ಮೇಲಿನ ತಣ್ಣನೆ ಕೋಣೆಗೆ ಕರೆದರು.
ನೀತಿ ಬರೆಯುತ್ತಿದ್ದರು: ಸೈನಿಕರ ಆಟ, ಸೈನಿಕರ ಸಾಹಸ.
ಮೇಜರ್ ಹಿಲಾಲ್ ಅರಬ್ಬಿಯಲ್ಲಿ ಹೇಳುತ್ತಿದ್ದ,
ಸ್ಕಾಟ್‌ಲೆಂಡಿನ ಮುದುಕ ಇಂಗ್ಲಿಷಿನಲ್ಲಿ ತಿದ್ದುತ್ತಿದ್ದ,
ಕಣ್ಣೂರಿನ ಶಶಿಧರನ್ ಎರಡನ್ನೂ ಟೈಪು ಮಾಡಿ
ಮಲಯಾಳದಲ್ಲಿ ನಿಟ್ಟುಸಿರು ಬಿಡುತ್ತಿದ್ದ.
ನಾನು ದಫ್ತರ ತೊಡೆಯ ಮೇಲಿಟ್ಟು ಕಾವಾ ಕುಡಿಯುತ್ತ,
ಖರ್ಜೂರದ ಬೀಜ ಎಲ್ಲಿ ಹಾಕಬೇಕೋ ತಿಳಿಯದೆ
ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ಮೊದಲ ದಿನ ಪೂರ್ತಿ ಒಂದೇ ಜಗಳ.
ಗೆರೆ ಎಳೆದ ಕಡೆ ಆಡಿದರೆ ಆಟ, ಎಂದ ಮುದುಕ.
ಒಂಟೆ ಓಟ? ಆಟ.
ಮರಳದಿಬ್ಬದ ಓಟ? ಇನ್ನೊಂದು ಸುತ್ತು ಕಾವಾ ಬರಲಿ.
‘ನಿಮ್ಮ ಭಾಷೆಯಲ್ಲಿ ಏನಂತೀರಿ?’ ಹಿಲಾಲ್ ನನ್ನ ಕಡೆ ತಿರುಗಿದ.
ಸಾಹಸ, ಅಂದೆ. ಅದರ ಮುಂದೆ ಒಂದು ‘ದುಸ್’ ಅಂಟಿದರೆ
ಹೆಣ ಹೊರಬೇಕಾಗುತ್ತದೆ.
ಯಾರೂ ನಗಲಿಲ್ಲ. ಶಶಿಧರನ್‌ನ ಬೆರಳು ನಿಂತವು.

ಸುಲೈಯಿಮ್. ಹತ್ತೊಂಬತ್ತು. ಇಬ್ರಿಯ ಹುಡುಗ.
ಮೀಸೆ ಬರಬೇಕೋ ಬೇಡವೋ ಅಂತ ತುಟಿಯ ಮೇಲೆ ನಿಂತಿತ್ತು.
ಮಾರ್ಚಿನ ಆ ಗುರುವಾರ ವಾದಿಯ ಮಡುವಿಗೆ ಈಜಲು ಹೊರಟರು.
ಈಜು ಆಟದ ಪಟ್ಟಿಯಲ್ಲಿತ್ತು.
ಗುಡ್ಡದ ನಡಿಗೆ ಸಾಹಸದ ಪಟ್ಟಿಯಲ್ಲಿತ್ತು.
ಗುಡ್ಡ ನಡೆದುಹೋಗಿ ಈಜುವುದು ಎರಡರಲ್ಲೂ ಇರಲಿಲ್ಲ.
‘ಚಾಚಾ, ಒಂದು ಹಗ್ಗ ಕೊಡು.’
‘ಆಟಕ್ಕೆ ಹಗ್ಗ ಇಲ್ಲ. ಸಾಹಸದ ಫಾರ್ಮು ತಗೊಂಡು ಬಾ.’
ನಲವತ್ತೊಂದನೇ ನಂಬರು, ನೀಲಿ, ಹೊಸದು,
ನನ್ನ ಬೆನ್ನ ಹಿಂದೆಯೇ ತೂಗುತ್ತಿತ್ತು.
ಹಗ್ಗ ತಿನ್ನೋ ಹನುಮಂತರಾಯ ಶಾವಿಗೆ ಕೊಡ್ತಾನೇನು, ಅಂತಾರ ನಮ್ಮ ಕಡೆ.
ನಾನು ಹಗ್ಗವನ್ನೂ ಕೊಡಲಿಲ್ಲ.

ಮಳೆ ಬಿದ್ದದ್ದು ಇಲ್ಲಲ್ಲ. ಎಲ್ಲೋ ಮೇಲೆ, ಜಬಲ್ ನೆತ್ತಿಗೆ.
ಇಲ್ಲಿ ರಣಬಿಸಿಲು, ಒಣಗಿದ ಟವೆಲ್ಲು.
ಮೊದಲು ಕಲ್ಲುಗಳು ಮಾತಾಡಿದವಂತೆ.
ಉಳಿದವರು ಬಂಡೆ ಹತ್ತಿದರು; ಅವನ ಕೈಗೂ ಅವರ ಕೈಗೂ
ನಡುವೆ ಎಂಟು ಮೊಳ.

ಹಗ್ಗವನ್ನು ಹಾವೆಂದು ತಿಳಿದವನ ಬಗ್ಗೆ
ದೊಡ್ಡವರು ಬಹಳ ಹೇಳಿದ್ದಾರೆ.
ಹಗ್ಗವನ್ನು ಬರೀ ಲೆಕ್ಕವೆಂದು ತಿಳಿದವನ ಬಗ್ಗೆ
ಒಂದು ಮಾತೂ ಸಿಗಲಿಲ್ಲ ನನಗೆ, ಆ ರಾತ್ರಿ.

ಮೂರನೇ ದಿನ ಬಾಯಿ ಬಿಟ್ಟೆ:
ಕೇಳಿದವನಿಗೆ ಮೊದಲು ಹಗ್ಗ. ಆಮೇಲೆ ಸಹಿ.
‘ಆಡಿಟ್?’ ಎಂದ ಮುದುಕ, ಕನ್ನಡಕ ತೆಗೆದು.
ಹಿಲಾಲ್ ಬಹಳ ಹೊತ್ತು ಕಿಟಕಿ ನೋಡಿದ.
ಅವನೇ ಹೋಗಿದ್ದ ಇಬ್ರಿಗೆ, ಸುದ್ದಿ ಹೇಳಲು.
ಕಲಂ ಹನ್ನೊಂದು, ಉಪಕಲಂ ಮೂರು:
ಕೊಡತಕ್ಕದ್ದು. ಕೊಟ್ಟ ನಂತರ ಬರೆಯತಕ್ಕದ್ದು.

ಕಡತ ಮಸ್ಕತ್ತಿಗೆ ಹೋಗಿ ನಾಲ್ಕು ತಿಂಗಳು.
ನಡುವೆ ಒಮ್ಮೆ ಬಂತು, ಅಲ್ಪವಿರಾಮ ಒಂದನ್ನು ತೆಗೆಯಲು.
ಅಲ್ಲಿಯವರೆಗೆ ಹಳೆಯ ನಿಯಮವೇ, ಎಂದಿದ್ದಾರೆ.
ಇರಲಿ. ನನ್ನ ಬಾಗಿಲಿಗೆ ಚಿಲಕ ಹಾಕಿಲ್ಲ.
ಇವತ್ತು ಹಗ್ಗಜಗ್ಗಾಟದ ಹುಡುಗರು ಬಂದರು,
ತೋರದ ಸೆಣಬಿನದು ಕೊಟ್ಟೆ. ಪೆನ್ನು ಹುಡುಕುವಷ್ಟರಲ್ಲಿ ಓಡಿಹೋದರು.

ನಲವತ್ತೊಂದು ಇನ್ನೂ ಅಲ್ಲೇ ಇದೆ.
ಎಷ್ಟು ಸಲ ಹೊರಗೆ ಹೋಯಿತು ಅನ್ನುವ ಮನೆಯಲ್ಲಿ ಸೊನ್ನೆ.
ಐದು ವರ್ಷಕ್ಕೆ ಹಗ್ಗಕ್ಕೆ ನಿವೃತ್ತಿ, ಎನ್ನುತ್ತದೆ ಕಲಂ ಒಂಬತ್ತು,
ಬಳಸಿದರೂ
ಬಳಸದಿದ್ದರೂ.