ಎರಡು ವಿಷಯಕ್ಕೆ ದುಡ್ಡಿದೆ

ಕೋಟೆ ರಸ್ತೆಯ ಟ್ಯುಟೋರಿಯಲ್ಲಿನ ಮೆಟ್ಟಿಲು ಹತ್ತುವಾಗ
ಕೈ ಮೂಸಿ ನೋಡಿಕೊಂಡೆ.
ಎರಡು ಸಲ ಸೋಪು ಹಾಕಿ ತೊಳೆದರೂ
ಉಗುರಿನ ಸಂದಿಯಲ್ಲಿ ಬಿಳಿ ಪುಡಿ,
ಯಾರದೋ ದವಡೆಯ ಅಚ್ಚು ಕೆರೆದದ್ದು.

ಮೇಜಿನಾಚೆ ಗಣಪಯ್ಯ ಮೇಷ್ಟ್ರು,
ಅರ್ಜಿಯಲ್ಲಿ ಮೂರು ಚೌಕ:
ಭೌತ, ರಸಾಯನ, ಜೀವ.
"ಡೆಂಟಲ್ ಸೀಟಿಗೆ ಮೂರೂ ಬೇಕಲ್ಲಮ್ಮ."
ಬೇಕು ಸಾರ್, ಗೊತ್ತು.
ಪರ್ಸಿನಲ್ಲಿರುವುದು ಎರಡಕ್ಕೆ ಮಾತ್ರ.
ಉಳಿದ ಒಂದನ್ನು ನಾನೇ ಓದಿಕೊಳ್ಳಬೇಕು
ರಾತ್ರಿ, ಲ್ಯಾಬಿನ ಶಟರು ಎಳೆದ ಮೇಲೆ.
"ಪಿಯುಸಿ ಮುಗಿಸಿ ಎಷ್ಟು ವರ್ಷವಾಯ್ತು?"
ಆರು, ಎಂದೆ.
ಪಕ್ಕದ ಬೆಂಚಿನ ಹುಡುಗ ತಲೆ ಎತ್ತಿದ.
ಅವನಿಗಿನ್ನೂ ಬುದ್ಧಿಹಲ್ಲು ಬಂದಿಲ್ಲ,
ನೋಡಿದರೆ ಹೇಳಬಲ್ಲೆ.

ಆರು ವರ್ಷದಿಂದ ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ದಾದಾಪೀರ್ ಸಾಬರ ಹಲ್ಲಿನ ಲ್ಯಾಬು.
ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಚೀಟಿ ಸುತ್ತಿ:
ಮೇಲ್ದವಡೆ, ಎಡಕ್ಕೆ ಮೂರು, ಬಣ್ಣ ಎ-ಟೂ, ಅರ್ಜೆಂಟು.
ಶೆಲ್ಫಿನ ತುಂಬ ಸಾಲಾಗಿ ಊರಿನ ಬಾಯಿಗಳು.
ನ್ಯೂ ಮಂಡ್ಲಿಯ ಲಾರಿ ಡ್ರೈವರು,
ಗಾಜನೂರಿನ ಪೋಸ್ಟ್ ಮಾಸ್ತರು,
ನಿದ್ದೆಯಲ್ಲಿ ಹಲ್ಲು ಕಡಿಯುವ ಒಬ್ಬ ವಕೀಲರು
(ಯಾರ ಮೇಲಿನ ಸಿಟ್ಟೋ, ದವಡೆ ಹಲ್ಲೆಲ್ಲ ಸಮತಟ್ಟು).
ದಾರಿಯಲ್ಲಿ ಎದುರಾದರೆ ಗುರುತಿಸಲಾರೆ.
ನಕ್ಕರೆ ಗುರುತಿಸುತ್ತೇನೆ.

ಭೌತಶಾಸ್ತ್ರ ತಗೋ, ಎಂದರು ಮೇಷ್ಟ್ರು,
ರ‍್ಯಾಂಕು ಏಳುವುದೂ ಬೀಳುವುದೂ ಅಲ್ಲೇ.
ಅಮ್ಮ ಹೇಳಿದ್ದಳು, ಯಾವುದು ಬೇಗ ಮುಗಿಯುತ್ತೋ ಅದು.
ದಾದಾಪೀರ್ ಸಾಬರು ನನಗೇನೂ ಹೇಳಲಿಲ್ಲ;
ಬರ್ನರಿನ ಉರಿ ಸಣ್ಣ ಮಾಡಿ
"ಇವಳು ಹೋದರೆ ಮೇಣ ಕೆತ್ತುವವರು ಯಾರು"
ಎಂದು ಉರಿಯನ್ನು ಕೇಳಿದರು.

ನನ್ನ ಲೆಕ್ಕ ಬೇರೆ.
ರಸಾಯನ ನನ್ನ ಮೂಗಿಗೆ ಗೊತ್ತು.
ಪುಡಿಗೆ ದ್ರವ ಬೆರೆಸಿ, ಎಳೆ ಬರುವ ತನಕ ಕಾದು,
ಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ತುಂಬಬೇಕು;
ಆತುರಪಟ್ಟು ಕುದಿಸಿದರೆ
ಗುಲಾಬಿ ಒಸಡಿನೊಳಗೆಲ್ಲ ಗುಳ್ಳೆ.
ಭೌತ ಹೆಬ್ಬೆರಳಿಗೆ ಗೊತ್ತು.
ಭಾರ ಎಲ್ಲಿ ಬಿದ್ದರೆ ಸೆಟ್ಟು ಎಲ್ಲಿ ಮೇಲೇಳುತ್ತದೆ,
ಚಕ್ಕುಲಿ ಕಚ್ಚಿದರೆ ಬಿರುಕು ಎಲ್ಲಿಂದ ಶುರು.
ಮರೆತದ್ದು ಸೂತ್ರ ಮಾತ್ರ.

ಜೀವ?

ಮೊನ್ನೆ ಹೊಳೆಹೊನ್ನೂರಿನ ಚೌಡಮ್ಮ
ನೇರ ಲ್ಯಾಬಿಗೇ ಬಂದರು,
ಸೆರಗಿನ ಗಂಟಿನಿಂದ ಸೆಟ್ಟು ಬಿಚ್ಚಿ ಮೇಜಿನ ಮೇಲಿಟ್ಟರು.
"ನೀನೇ ಮಾಡಿದ್ದಂತೆ. ಚೆನ್ನಾಗೈತೆ.
ಆದ್ರೆ ಹಲ್ಲೇ ಇಲ್ಲದ ಜಾಗದಾಗೆ
ಹಲ್ಲುನೋವು ಬರ್ತೈತಲ್ಲವ್ವ,
ಅದು ಎಲ್ಲಿಂದ?"

ತಿರುಗಿಸಿ ನೋಡಿದೆ. ಚೂಪಿಲ್ಲ, ಒತ್ತುವ ಅಂಚಿಲ್ಲ.
ಅವರ ಅಚ್ಚನ್ನು ಶೆಲ್ಫಿನಿಂದಿಳಿಸಿ ಕೂಡಿಸಿದೆ,
ಕೂದಲೆಳೆಯಷ್ಟೂ ಸಂದಿಲ್ಲ.
ಪ್ಲಾಸ್ಟರಿಗೆ ನೋವಿಲ್ಲ.
ಆರು ವರ್ಷ ನಾನು ಕೆತ್ತಿದ ಒಂದು ಹಲ್ಲಿಗೂ
ಒಳಗೆ ಏನೂ ಇರಲಿಲ್ಲ.
ಡಾಕ್ಟರನ್ನ ಕೇಳಿ, ಅಂದೆ.
"ಕೇಳ್ದೆ. ಸೆಟ್ಟು ಮಾಡಿದೋರ್ನ ಕೇಳು ಅಂದ್ರು."

ಮೇಷ್ಟ್ರು ಪೆನ್ನು ಮುಂದೆ ತಳ್ಳಿದರು.
ಜೀವದ ಚೌಕಕ್ಕೆ ಗುರುತು ಹಾಕಿದೆ, ಒತ್ತಿ,
ಕೆಳಗಿನ ಹಾಳೆಗೂ ಮೂಡುವ ಹಾಗೆ.
"ಅದನ್ನ ಎಲ್ಲರೂ ಮನೇಲೇ ಉರು ಹೊಡೀತಾರಲ್ಲ!"
ಹುಬ್ಬು ಏರಿ ಇಳಿಯಿತು. "ಸರಿ, ಎರಡನೇದು?"

ನಾಳೆ ಹೇಳ್ತೀನಿ ಸಾರ್.
ಹೊಳೆಹೊನ್ನೂರಿನ ಬಸ್ಸು ಆರಕ್ಕೆ;
ಏನೂ ರಿಪೇರಿ ಮಾಡದ ಸೆಟ್ಟೊಂದು
ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿದೆ.
ಕೊಡುವಾಗ ಹೇಳಬೇಕು,
ಗೊತ್ತಿಲ್ಲ ಚೌಡಮ್ಮ,
ಇನ್ನೂ.